ವಿದ್ವಾಂಸರ ಮೇಲೊಂದು ಕಟ್ಟಳೆ

ಬಾಬಿಲೋನಿನ ಸೈನ್ಯವು ಯೆರೂಸಲೇಮ್ ನಗರವನ್ನು ಸುಟ್ಟು, ಅಲ್ಲಿನ ದೇವಾಲಯವನ್ನು ಕೆಡವಿ, ಜನರನ್ನು ಸೆರೆಯೊಯ್ದ ದುರಂತಕ್ಕೆ ಕಾರಣವೇನೆಂಬ ಪ್ರಶ್ನೆಯನ್ನು ಯೆಹೂದ್ಯರು ತಮ್ಮ ಚರಿತ್ರೆಯುದ್ದಕ್ಕೂ ಕೇಳಿಕೊಂಡು ಬಂದಿದ್ದಾರೆ. ಪ್ರವಾದಿಯಾದ ಯೆರೆಮೀಯನ ಗ್ರಂಥದಲ್ಲಿ ಆ ಪ್ರಶ್ನೆಯೂ ಉಂಟು, ದೇವರ ಶಾಸನವನ್ನು ಜನರು ತೊರೆದರೆಂಬ ಉತ್ತರವೂ ಉಂಟು. ಆದರೆ ತಾಲ್ಮುಡ್ ಮಹಾಗ್ರಂಥದ ‘ನೆದಾರಿಮ್’ ಎಂಬ ಭಾಗವು ಈ ಪ್ರಸಂಗವನ್ನು ಎತ್ತಿಕೊಂಡು ವಿಚಿತ್ರವಾದ ಸಂಗತಿಯೊಂದನ್ನು ಹೇಳುತ್ತದೆ. ಈ ಪ್ರಶ್ನೆಯನ್ನು ಜ್ಞಾನಿಗಳ ಮುಂದಿಟ್ಟಾಗ ಅವರಿಗೆ ಉತ್ತರ ಹೊಳೆಯಲಿಲ್ಲ. ಪ್ರವಾದಿಗಳ ಮುಂದಿಟ್ಟಾಗ ಅವರಿಗೂ ಹೊಳೆಯಲಿಲ್ಲ. ಕಡೆಗೆ ದೇವರೇ ಬಾಯಿಬಿಟ್ಟು ಹೇಳಬೇಕಾಯಿತು. ಹಾಗೆ ಹೇಳಿದ್ದರ ತಾತ್ಪರ್ಯವನ್ನು, ಮೂರನೆಯ ಶತಮಾನದಲ್ಲಿ ಬಾಬಿಲೋನಿಯದ ಸೂರಾ ಎಂಬಲ್ಲಿ ವಿದ್ಯಾಪೀಠವನ್ನು ಕಟ್ಟಿದ ಆಚಾರ್ಯ ರವ್ ವಿವರಿಸಿದ ರೀತಿ ಇನ್ನೂ ವಿಚಿತ್ರವಾದುದು: ಆ ಜನರು ತೋರಾವನ್ನು ಓದತೊಡಗುವುದಕ್ಕೆ ಮುನ್ನ ದೇವರನ್ನು ಸ್ತುತಿಸುತ್ತಿರಲಿಲ್ಲ, ದೇಶ ಹಾಳಾದದ್ದು ಆ ಕಾರಣದಿಂದ.

ಒಂದು ಸಾಮ್ರಾಜ್ಯದ ದಂಡಯಾತ್ರೆಯನ್ನೂ ಒಂದು ಜನಾಂಗದ ದೇಶಭ್ರಷ್ಟತೆಯನ್ನೂ ಪ್ರಾತಃಕಾಲದ ಪ್ರಾರ್ಥನೆಯಲ್ಲಿ ಬಿಟ್ಟುಹೋದ ಎರಡು ಮೂರು ವಾಕ್ಯಗಳ ತಲೆಗೆ ಕಟ್ಟುವ ಈ ವಿವರಣೆಯನ್ನು ಮೊದಲ ಬಾರಿಗೆ ಓದಿದವರು, ಇದು ಪುರೋಹಿತಬುದ್ಧಿಯ ಅತಿರೇಕವೆಂದು ನಕ್ಕು ಪುಟವನ್ನು ಮಗುಚಿದರೆ ಅವರನ್ನು ದೂರುವಂತಿಲ್ಲ. ಆದರೆ ಸ್ಪೇನ್ ದೇಶದ ಗೆರೋನಾ ನಗರದಲ್ಲಿ ಹದಿಮೂರನೆಯ ಶತಮಾನದಲ್ಲಿದ್ದ ರಬ್ಬೇನು ಯೋನಾ ಎಂಬ ಪಂಡಿತರು ಈ ಮಾತನ್ನು ಹೀಗೆ ಬಿಡಿಸಿದರೆಂದು, ಅದೇ ಊರಿನವರಾಗಿ ಮುಂದಿನ ಶತಮಾನದಲ್ಲಿ ಬಾಳಿದ ರಬ್ಬೇನು ನಿಸ್ಸೀಮ್ ತಮ್ಮ ವ್ಯಾಖ್ಯಾನದಲ್ಲಿ ಉಳಿಸಿಕೊಟ್ಟಿದ್ದಾರೆ. ಜನರು ನಿಜವಾಗಿಯೂ ತೋರಾವನ್ನು ತೊರೆದಿದ್ದ ಪಕ್ಷದಲ್ಲಿ ಅದು ಕಣ್ಣಿಗೆ ಕಾಣುವ ಪಾಪವಾಗಿರುತ್ತಿತ್ತು, ಅದನ್ನು ಹೇಳಲು ಜ್ಞಾನಿಯೂ ಬೇಕಿರಲಿಲ್ಲ, ಪ್ರವಾದಿಯೂ ಬೇಕಿರಲಿಲ್ಲ. ಅವರಿಬ್ಬರೂ ಸೋತರೆಂದ ಮೇಲೆ, ಜನರು ಓದುತ್ತಲೇ ಇದ್ದರು, ಪಾಠಶಾಲೆಗಳು ತುಂಬಿಯೇ ಇದ್ದವು ಎಂದು ಊಹಿಸಬೇಕಾಗುತ್ತದೆ. ಕೊರತೆಯಿದ್ದದ್ದು ಅಂತರಂಗದಲ್ಲಿ. ಓದುವ ವಸ್ತುವು ಕೃತಜ್ಞತೆಯ ಒಂದು ಮಾತಿಗೆ ಅರ್ಹವೆಂದು ಅವರಿಗೆ ತೋರಿರಲಿಲ್ಲ, ಮತ್ತು ಹೃದಯದ ಈ ಔದಾಸೀನ್ಯವನ್ನು ಅಂತರ್ಯಾಮಿಯಲ್ಲದೆ ಬೇರೆಯವರು ಕಾಣಲಾರರು. ಈ ವ್ಯಾಖ್ಯಾನವನ್ನು ಒಪ್ಪಿದೆವೆಂದರೆ, ಆ ಕಟ್ಟಳೆಯ ಮುಖ ಯಾರ ಕಡೆಗಿದೆ ಎಂಬುದೂ ಸ್ಪಷ್ಟವಾಗುತ್ತದೆ. ಅದು ಓದದವರನ್ನು ಗದರಿಸುವುದಕ್ಕಾಗಿ ಹುಟ್ಟಿದ್ದಲ್ಲ, ಓದಿದವರನ್ನು ಕಾಯುವುದಕ್ಕಾಗಿ ಹುಟ್ಟಿದ್ದು. ಯೆಹೂದ್ಯ ಧರ್ಮಶಾಸ್ತ್ರದ ಸಹಸ್ರಾರು ವಿಧಿಗಳಲ್ಲಿ ಪಂಡಿತನ ಗರ್ವವನ್ನು ಇಷ್ಟು ನೇರವಾಗಿ ಹಿಡಿದು ನಿಲ್ಲಿಸುವ ವಿಧಿ ಮತ್ತೊಂದಿಲ್ಲವೆಂದೇ ನನ್ನ ಎಣಿಕೆ.

ಬೆಳಗ್ಗೆ ಎದ್ದ ಯೆಹೂದ್ಯನು ಶಾಸ್ತ್ರದ ಮಾತೊಂದನ್ನು ಉಚ್ಚರಿಸುವುದಕ್ಕೆ ಮುನ್ನ ಹೇಳತಕ್ಕ ಈ ಸ್ತುತಿವಚನಗಳಿಗೆ ‘ಬಿರ್ಕೋತ್ ಹತೋರಾ’ ಎಂದು ಹೆಸರು. ತೋರಾ ಎಂಬುದಕ್ಕೆ ಸಂಕುಚಿತಾರ್ಥದಲ್ಲಿ ಮೋಶೆಯ ಐದು ಗ್ರಂಥಗಳೆಂದೂ, ವಿಶಾಲಾರ್ಥದಲ್ಲಿ ಅವುಗಳಿಂದ ಬೆಳೆದ ಸಮಸ್ತ ಶಾಸ್ತ್ರವಾಙ್ಮಯವೆಂದೂ ಅರ್ಥ. ತಾಲ್ಮುಡ್‌ನ ಮೊದಲ ಭಾಗವಾದ ‘ಬೆರಾಖೋತ್’ನಲ್ಲಿ ಈ ವಚನಗಳ ಪಾಠವನ್ನು ಮೂವರು ಆಚಾರ್ಯರು ಮೂರು ಬಗೆಯಾಗಿ ಕೊಟ್ಟಿದ್ದಾರೆ. ನೆಹಾರ್ದೆಯಾದ ಶ್ಮುಯೇಲರ ಪಾಠವು, ತೋರಾದ ಮಾತುಗಳಲ್ಲಿ ತೊಡಗಿರಬೇಕೆಂದು ಆಜ್ಞಾಪಿಸಿದವನನ್ನು ಸ್ತುತಿಸುತ್ತದೆ. ತಿಬೇರಿಯದ ರಬ್ಬಿ ಯೋಹಾನಾನರದು ಸ್ತುತಿಗಿಂತ ಹೆಚ್ಚಾಗಿ ಬೇಡಿಕೆ: ಈ ಮಾತುಗಳು ನಮ್ಮ ಬಾಯಲ್ಲಿಯೂ ಸಮಸ್ತ ಜನರ ಬಾಯಲ್ಲಿಯೂ ಸವಿಯಾಗಲಿ, ನಾವೂ ನಮ್ಮ ಸಂತತಿಯೂ ಇದನ್ನು ಬಲ್ಲವರಾಗಲಿ ಎಂದು ಅದು ಕೋರುತ್ತದೆ. ಮೂರನೆಯವರಾದ ಹಮ್ನೂನಾ, ಎಲ್ಲ ಜನಾಂಗಗಳೊಳಗಿಂದ ನಮ್ಮನ್ನು ಆರಿಸಿ ತೋರಾವನ್ನು ಕೊಟ್ಟವನನ್ನು ಕೊಂಡಾಡುತ್ತಾರೆ. ಇದೇ ಎಲ್ಲಕ್ಕಿಂತ ಉತ್ತಮವಾದ ವಚನವೆಂಬ ಪ್ರಶಂಸೆಯೂ ಅಲ್ಲಿ ಅದಕ್ಕೆ ದೊರೆತಿದೆ. ಇವುಗಳಲ್ಲಿ ಯಾವುದು ಗ್ರಾಹ್ಯ, ಯಾವುದು ತ್ಯಾಜ್ಯ ಎಂದು ವಾದವನ್ನು ಬೆಳೆಸುವುದಕ್ಕೆ ಹೇರಳವಾದ ಅವಕಾಶವಿದ್ದರೂ, ವಾದಕ್ಕೆ ಎಂದೂ ಹಿಂಜರಿಯದ ಆ ಗ್ರಂಥ ಇಲ್ಲಿ ಮಾತ್ರ ಮೂರನ್ನೂ ಹೇಳಿಬಿಡೋಣವೆಂದು ತೀರ್ಪುಕೊಟ್ಟು ಮುಂದೆ ಸಾಗುತ್ತದೆ. ಇಂದಿಗೂ ಪ್ರಾರ್ಥನಾಪುಸ್ತಕಗಳಲ್ಲಿ ಮೂರೂ ಉಂಟು.

ಯಾವ ಓದಿಗೆ ಈ ವಚನ ಬೇಕು ಎಂಬ ಚರ್ಚೆಯನ್ನು ಮಾತ್ರ ಅವರು ಹಾಗೆ ಬಿಡಲಿಲ್ಲ. ಮೂಲಗ್ರಂಥವನ್ನು ಓದುವಾಗ ಬೇಕು, ಅದರ ವಿವರಣೆಗೆ ಬೇಡವೆಂದು ರವ್ ಹೂನಾ. ವಿವರಣೆಗೂ ಬೇಕು, ಮಿಷ್ನಾ ಎಂಬ ಸ್ಮೃತಿಸಂಗ್ರಹಕ್ಕೆ ಬೇಡವೆಂದು ರಬ್ಬಿ ಎಲಾಜಾರ್. ಮಿಷ್ನಾಕ್ಕೂ ಬೇಕು, ಅದರ ಮೇಲಿನ ತರ್ಕವಿತರ್ಕಗಳಿಗೆ ಬೇಡವೆಂದು ಯೋಹಾನಾನ್. ಆ ತರ್ಕಕ್ಕೂ ಬೇಕೇ ಬೇಕೆಂದು ರಾವಾ. ಗೆದ್ದದ್ದು ರಾವಾ ಅವರ ಪಕ್ಷ. ಅದಕ್ಕೆ ಆಧಾರವಾಗಿ ಬಂದ ಸಾಕ್ಷ್ಯವು ಯಾವ ಶ್ರುತಿವಾಕ್ಯವೂ ಅಲ್ಲ, ಶಿಷ್ಯನೊಬ್ಬನ ನೆನಪು: ರವ್ ಅವರಲ್ಲಿ ಪಾಠ ಹೇಳಿಸಿಕೊಳ್ಳುವುದಕ್ಕೆ ಎಷ್ಟೋ ಸಲ ಹೋಗಿ ನಿಂತಿದ್ದೇನೆ, ಅವರು ಮೊದಲು ಕೈ ತೊಳೆದು, ಸ್ತುತಿವಚನವನ್ನು ಹೇಳಿ, ಅನಂತರವೇ ಪಾಠಕ್ಕೆ ತೊಡಗುತ್ತಿದ್ದರೆಂದು ಹಿಯ್ಯಾ ಬಾರ್ ಆಶಿ ಹೇಳಿಕೊಂಡದ್ದು. ದೈವದತ್ತವೆಂದು ನಂಬಿದ ಮೂಲಕ್ಕೆ ಕೈಮುಗಿಯುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಮನುಷ್ಯರು ತಮ್ಮ ತಮ್ಮೊಳಗೆ ಜಗಳವಾಡಿದ್ದರ ದಾಖಲೆಗೂ, ಆ ಜಗಳವನ್ನು ಇಂದು ತಾನು ಮುಂದುವರಿಸುವುದಕ್ಕೂ, ಅದೇ ಗೌರವವನ್ನು ಸಲ್ಲಿಸಬೇಕೆಂದು ವಿಧಿಸಿದ್ದು ಸಾಮಾನ್ಯವಾದ ಮಾತಲ್ಲ. ತನ್ನ ಬುದ್ಧಿಯಿಂದ ಹುಟ್ಟಿದ ಯುಕ್ತಿಯೂ ತನ್ನದಲ್ಲವೆಂದು ಒಪ್ಪಿಕೊಂಡ ಮೇಲೆಯೇ ಯುಕ್ತಿಗೆ ಅನುಮತಿ.

ವಚನಗಳನ್ನು ಹೇಳಿದ ಕೂಡಲೆ ಏನನ್ನಾದರೂ ಓದಬೇಕಷ್ಟೆ. ಇಲ್ಲವಾದರೆ ಹೇಳಿದ್ದು ವ್ಯರ್ಥವಾದೀತೆಂಬ ಅಂಜಿಕೆ. ಆದುದರಿಂದ ಅಲ್ಲಿಯೇ, ನಿಂತ ನಿಲುವಿನಲ್ಲಿಯೇ, ಅರಣ್ಯಕಾಂಡದಲ್ಲಿರುವ ಯಾಜಕರ ಆಶೀರ್ವಾದದ ಮೂರು ವಚನಗಳನ್ನೂ, ಮಿಷ್ನಾದ ‘ಪೇಯಾ’ ಭಾಗದ ಮೊದಲ ಸೂತ್ರವನ್ನೂ, ತಾಲ್ಮುಡ್‌ನ ‘ಶಬ್ಬಾತ್’ ಭಾಗದಿಂದ ಬಂದ ಒಂದು ಪಟ್ಟಿಯನ್ನೂ ಓದುವ ರೂಢಿ ಬೆಳೆಯಿತು. ಶ್ರುತಿ, ಸ್ಮೃತಿ, ಮೀಮಾಂಸೆ ಮೂರೂ ಹಾಸಿಗೆಯಿಂದೆದ್ದ ಸ್ವಲ್ಪ ಹೊತ್ತಿನಲ್ಲಿಯೇ ಮುಗಿದಂತಾಯಿತು. ದಿನವೆಲ್ಲ ದುಡಿಯಲು ಹೋಗುವ ಬಡವನೂ ವಿದ್ಯಾರ್ಥಿಗಳ ಪಂಕ್ತಿಗೆ ಸೇರಿದಂತಾಯಿತು. ಆಯ್ದುಕೊಂಡ ಪಾಠಗಳ ವಿಷಯವನ್ನು ಗಮನಿಸಬೇಕು. ಪೇಯಾ ಸೂತ್ರವು ಅಳತೆಯ ಮಿತಿಯಿಲ್ಲದ ಕಾರ್ಯಗಳನ್ನು ಹೇಳುತ್ತಾ, ಹೊಲದ ಮೂಲೆಯ ಪೈರನ್ನು ಬಡವರಿಗೆಂದು ಕೊಯ್ಯದೆ ಬಿಡುವುದರಿಂದ ಆರಂಭಿಸುತ್ತದೆ. ಮತ್ತೊಂದರಲ್ಲಿ ತಂದೆತಾಯಿಗಳ ಗೌರವ, ಅತಿಥಿಸತ್ಕಾರ, ರೋಗಿಗಳ ಭೇಟಿ, ಮುನಿಸಿಕೊಂಡವರನ್ನು ಒಂದುಗೂಡಿಸುವುದು ಮುಂತಾದವೆಲ್ಲ ಬಂದು, ಅಧ್ಯಯನವು ಇವೆಲ್ಲಕ್ಕೂ ಸಮವೆಂದು ಕೊನೆಗೆ ಹೇಳಿದೆ. ಪಂಡಿತನ ದಿನದ ಮೊದಲ ಪಾಠದಲ್ಲಿ ಪಾಂಡಿತ್ಯದ ಸರದಿ ಬರುವುದು ಬಡವನೂ ರೋಗಿಯೂ ಅತಿಥಿಯೂ ಬಂದುಹೋದ ಮೇಲೆ.

ಊಟಕ್ಕೂ ಓದಿಗೂ ಇರುವ ವ್ಯತ್ಯಾಸವನ್ನು ಈ ಶಾಸ್ತ್ರಜ್ಞರು ಬಹುಕಾಲ ಚಿಂತಿಸಿದರು. ಧರ್ಮೋಪದೇಶಕಾಂಡದ ಎಂಟನೆಯ ಅಧ್ಯಾಯದ ಪ್ರಕಾರ, ಉಂಡು ತೃಪ್ತನಾದ ಮೇಲೆ ದೇವರನ್ನು ಕೊಂಡಾಡಬೇಕು. ಅದೇ ಕಾಂಡದ ಮೂವತ್ತೆರಡನೆಯ ಅಧ್ಯಾಯದಲ್ಲಿ ಮೋಶೆ ತನ್ನ ಕಡೆಯ ಗೀತೆಯನ್ನು ಹಾಡುವುದಕ್ಕೆ ಮುನ್ನ ದೇವರ ನಾಮವನ್ನು ಎತ್ತಿ, ಕೇಳುವವರು ಅವನ ಮಹಿಮೆಯನ್ನು ಕೊಂಡಾಡಲೆಂದು ಕರೆಯುತ್ತಾನೆ, ಮತ್ತು ಓದಿಗೆ ಮುನ್ನ ಸ್ತುತಿ ಬೇಕೆಂಬುದಕ್ಕೆ ಬೆರಾಖೋತ್ ಭಾಗವು ಇದನ್ನು ಪ್ರಮಾಣವಾಗಿ ಎತ್ತುತ್ತದೆ. ಅನ್ನಕ್ಕೆ ಸ್ತುತಿ ಅನಂತರ, ತೋರಾಕ್ಕೆ ಸ್ತುತಿ ಮೊದಲು. ಒಂದರಿಂದ ಇನ್ನೊಂದನ್ನು ಊಹಿಸಿ ಎರಡಕ್ಕೂ ಎರಡೂ ಕಡೆ ಬೇಕೆಂದು ತರ್ಕಿಸಲು ಯೋಹಾನಾನ್ ಯತ್ನಿಸಿದ್ದನ್ನು ಅಲ್ಲಿಯೇ ಖಂಡಿಸಿದ್ದಾರೆ. ಅದರ ಜಟಿಲತೆಗೆ ನಾವು ಹೋಗಬೇಕಾಗಿಲ್ಲ. ಈ ಭೇದಕ್ಕೆ ಮನುಷ್ಯಸ್ವಭಾವದಲ್ಲಿಯೇ ಕಾರಣವಿದೆಯೆಂದು ನನಗೆ ತೋರುತ್ತದೆ. ಹಸಿದವನಿಗೆ ಅನ್ನ ಕಂಡಾಗ ಬೇರೆ ಯೋಚನೆ ಬಾರದು; ಹೊಟ್ಟೆ ತುಂಬಿದ ಮೇಲೆಯೇ ಕೊಟ್ಟವನ ನೆನಪು ಬರುವುದು ಸಾಧ್ಯ, ಮರೆಯುವುದೂ ಸಾಧ್ಯ, ಆದುದರಿಂದ ಶಾಸನವು ಅಲ್ಲಿ ನಿಂತು ಕಾಯುತ್ತದೆ. ವಿದ್ಯೆಯ ರೀತಿ ಇದಕ್ಕೆ ವಿಪರೀತ. ಕಲಿಯುವುದಕ್ಕೆ ಮುನ್ನ ಅಜ್ಞಾನದ ಅರಿವಿರುವಾಗ ಮನುಷ್ಯ ಬಾಗಿಯೇ ಇರುತ್ತಾನೆ. ಕಲಿತು ಮುಗಿಸಿದ ಮೇಲೆ, ಕಲಿತದ್ದೆಲ್ಲ ತನ್ನ ತಲೆಯಲ್ಲಿಯೇ ಹುಟ್ಟಿತೆಂಬ ಭ್ರಮೆ ಬಲಿತ ಮೇಲೆ, ಅವನಿಂದ ವಂದನೆಯನ್ನು ನಿರೀಕ್ಷಿಸುವುದು ಕಷ್ಟ.

ಈ ವಿಧಿ ಸಾಕ್ಷಾತ್ ಮೋಶೆಯ ಶಾಸನದ್ದೋ ಅಥವಾ ಅನಂತರದ ಆಚಾರ್ಯರು ಕಲ್ಪಿಸಿದ್ದೋ ಎಂಬ ಭಿನ್ನಾಭಿಪ್ರಾಯವುಂಟು. ಹನ್ನೆರಡನೆಯ ಶತಮಾನದ ಮೈಮೊನಿಡೀಸ್ ತಮ್ಮ ಆಜ್ಞಾಗಣನೆಯಲ್ಲಿ ಇದನ್ನು ಸೇರಿಸಲಿಲ್ಲ. ಅವರು ಬಿಟ್ಟದ್ದು ತಪ್ಪೆಂದು ಗೆರೋನಾದ ನಹ್ಮನಿಡೀಸ್ ಅದನ್ನು ಬೇರೆಯಾಗಿ ಎಣಿಸಿದರು. ವ್ಯವಹಾರದಲ್ಲಿ ಇದರ ಪರಿಣಾಮ ಇಷ್ಟೆ: ಬೆಳಗ್ಗೆ ವಚನವನ್ನು ಹೇಳಿದೆನೋ ಇಲ್ಲವೋ ಎಂಬ ಸಂದೇಹ ಬಂದವನು ಏನು ಮಾಡಬೇಕು? ಅಂಥವನು ಹಮ್ನೂನಾರ ಒಂದೇ ವಚನವನ್ನು ಹೇಳಿದರೆ ಸಾಕೆಂದು, ರಾಡಿನ್ ಎಂಬ ಸಣ್ಣ ಊರಿನ ರಬ್ಬಿ ಇಸ್ರೇಲ್ ಮೇಯಿರ್ ಕಗಾನ್ ತಮ್ಮ ‘ಮಿಷ್ನಾ ಬೆರೂರಾ’ದಲ್ಲಿ ಬರೆದಿದ್ದಾರೆ.

ಇನ್ನು ನೆದಾರಿಮ್ ಭಾಗಕ್ಕೆ ಮರಳೋಣ. ದೇಶ ಏಕೆ ಹಾಳಾಯಿತೆಂಬ ಚರ್ಚೆ ಅಲ್ಲಿ ಸ್ವತಂತ್ರವಾಗಿ ಬಂದದ್ದಲ್ಲ. ಅದಕ್ಕೆ ಮುನ್ನ ಮತ್ತೊಂದು ಪ್ರಶ್ನೆಯಿದೆ, ಮತ್ತು ಅದು ನಮ್ಮನ್ನು ಹೆಚ್ಚು ಮುಟ್ಟತಕ್ಕದ್ದು. ಪಂಡಿತರ ಮಕ್ಕಳು ಸಾಮಾನ್ಯವಾಗಿ ಪಂಡಿತರಾಗದಿರುವುದಕ್ಕೆ ಕಾರಣವೇನು? ತೋರಾ ತಮಗೆ ಪಿತ್ರಾರ್ಜಿತವೆಂದು ಅವರು ಹೇಳಿಕೊಳ್ಳದಿರಲಿ ಎಂದು ರವ್ ಯೋಸೇಫ್ ಉತ್ತರಿಸುತ್ತಾರೆ. ಅವರು ಸಮುದಾಯದ ಮೇಲೆ ದರ್ಪ ತೋರದಿರಲಿ ಎಂದು ಮತ್ತೊಬ್ಬರ ಮತ. ಈಗಾಗಲೇ ದರ್ಪ ತೋರುತ್ತಿರುವುದರಿಂದಲೇ ಹೀಗಾಯಿತೆಂದು ಮಾರ್ ಜೂತ್ರಾ. ಅವರು ಜನರನ್ನು ಕತ್ತೆಗಳೆಂದು ಕರೆಯುತ್ತಾರಾದ ಕಾರಣವೆಂದು ರವ್ ಆಶಿ. ಐದನೆಯವರಾದ ರವೀನಾ, ಅವರು ಓದಿಗೆ ಮುನ್ನ ಸ್ತುತಿವಚನವನ್ನು ಹೇಳುವುದಿಲ್ಲವಲ್ಲ, ಅದೇ ಕಾರಣವೆನ್ನುತ್ತಾರೆ. ಮೊದಲ ನಾಲ್ಕು ಉತ್ತರಗಳ ಪಕ್ಕದಲ್ಲಿಟ್ಟು ನೋಡಿದಾಗ ಐದನೆಯದು ಬೇರೆ ಜಾತಿಯದಾಗಿ ಕಾಣುವುದಿಲ್ಲ. ವಿದ್ಯೆ ನಮ್ಮ ಮನೆತನದ ಆಸ್ತಿಯೆಂದು ಬಗೆದವನೂ, ಓದದವನನ್ನು ಪಶುವೆಂದು ಕರೆದವನೂ, ಕೊಟ್ಟವನಿಗೆ ವಂದಿಸದವನೂ ಒಬ್ಬನೇ. ತನ್ನ ಮನೆಯಲ್ಲಿಯೇ ಬಿದ್ದಿರುವ ಆಸ್ತಿಗಾಗಿ ಯಾರು ಯಾರಿಗೆ ವಂದಿಸಿಯಾರು! ಅದೇ ಪ್ರಸಂಗದಲ್ಲಿ, ಬಡವರ ಮಕ್ಕಳ ವಿಷಯದಲ್ಲಿ ಎಚ್ಚರದಿಂದಿರಿ, ತೋರಾ ಹೊರಹೊಮ್ಮುವುದು ಅವರಿಂದಲೇ ಎಂಬ ಸಂದೇಶವೂ ಇದೆ. ಇದನ್ನು ಓದುವಾಗ ನಮ್ಮ ನಾಡಿನ ಓದುಗರಿಗೆ ಸಮೀಪದ ಚರಿತ್ರೆಯೇನಾದರೂ ನೆನಪಾದರೆ ಅದಕ್ಕೆ ತಾಲ್ಮುಡ್ ಹೊಣೆಯಲ್ಲ, ನಾನೂ ಹೊಣೆಯಲ್ಲ.

ಹದಿನಾರನೆಯ ಶತಮಾನದಲ್ಲಿ, ಗಲಿಲಾಯ ಪ್ರಾಂತದ ಸಫೇದ್ ನಗರದಲ್ಲಿದ್ದ ಯೋಸೇಫ್ ಕಾರೋ ಹಿಂದಿನ ವಾದಗಳನ್ನೆಲ್ಲ ಸೋಸಿ ರಚಿಸಿದ ‘ಶುಲ್ಖಾನ್ ಆರೂಖ್’ ಎಂಬ ಧರ್ಮಸಂಹಿತೆ 1565ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾಯಿತು. ಅದರ ಮೊದಲ ಖಂಡದ 47ನೆಯ ಪ್ರಕರಣ ಸಂಪೂರ್ಣವಾಗಿ ಈ ವಿಷಯಕ್ಕೆ ಮೀಸಲು. ಸಂಹಿತೆಗಳ ಗದ್ಯ ಶುಷ್ಕವಾಗಿರುವುದು ಸಹಜ. ಆದರೂ ಆ ಪ್ರಕರಣದ ಹದಿನಾಲ್ಕು ಚಿಕ್ಕ ವಿಧಿಗಳನ್ನು ನಿಧಾನವಾಗಿ ಓದಿದವನಿಗೆ, ವಿದ್ಯೆಯೆಂದರೇನು ಎಂಬ ತತ್ತ್ವವಿಚಾರ ಅಲ್ಲಿ ತತ್ತ್ವದ ಹೆಸರಿಲ್ಲದೆ ನಡೆದಿರುವುದು ಕಾಣುತ್ತದೆ. ಒಂದು ದೃಷ್ಟಾಂತ ಹೇಳುತ್ತೇನೆ. ಬೆಳಗ್ಗೆ ವಚನವನ್ನು ಹೇಳಿ ಓದಿದವನು ವ್ಯಾಪಾರಕ್ಕೆ ಹೋಗಿ, ಸಂಜೆ ಮರಳಿ ಗ್ರಂಥವನ್ನು ತೆರೆದರೆ ಮತ್ತೆ ಹೇಳಬೇಕೆ? ಬೇಡವೆನ್ನುತ್ತದೆ ಸಂಹಿತೆ. ಫ್ರಾನ್ಸ್ ಮತ್ತು ಜರ್ಮನಿಯ ಮಧ್ಯಯುಗದ ವ್ಯಾಖ್ಯಾನಕಾರರು ಇಲ್ಲಿ ಒಂದು ತೊಡಕನ್ನು ಗುರುತಿಸಿದ್ದರು: ಪರ್ಣಶಾಲೆಗಳ ಹಬ್ಬದಲ್ಲಿ ಪ್ರತಿ ಊಟಕ್ಕೂ ಹೊಸದಾಗಿ ಸ್ತುತಿವಚನ ಹೇಳಬೇಕಾಗಿರುವಾಗ, ಓದಿಗೆ ಮಾತ್ರ ದಿನಕ್ಕೊಂದೇ ಸಾಕೆನ್ನುವುದೇಕೆ? ಊಟಕ್ಕೆ ಹೊತ್ತುಂಟು, ಓದಿಗೆ ಹೊತ್ತಿಲ್ಲ. ಹಗಲಿರುಳೂ ಅದನ್ನು ಧ್ಯಾನಿಸಬೇಕೆಂದು ಯೆಹೋಶುವನಿಗೆ ಆದ ಆಜ್ಞೆಯ ಪ್ರಕಾರ, ಅಂಗಡಿಯಲ್ಲಿ ಕುಳಿತವನ ಮನಸ್ಸೂ ಅದರಿಂದ ಪೂರ್ತಿಯಾಗಿ ಕಳಚಿಕೊಂಡಿರುವುದಿಲ್ಲವೆಂದು ಅವರ ಸಮಾಧಾನ. ಲೋಕವ್ಯವಹಾರವು ಓದಿಗೆ ವಿಘ್ನವಲ್ಲ, ಓದಿನ ನಡುವಿನ ಬಿಡುವು ಎಂದಂತಾಯಿತು.

ಈ ಮಾತಿಗೆ ನಮ್ಮ ಕರಾವಳಿಯಿಂದಲೇ ಒಬ್ಬನನ್ನು ತರಬಹುದು. ಟ್ಯುನೀಸಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯೆಹೂದ್ಯ ವರ್ತಕನು ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದನು. ಅಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ಪತ್ರವು 1132ರಲ್ಲಿ ಆ ಊರಿನಲ್ಲಿಯೇ ಬರೆದದ್ದು. 1149ರಲ್ಲಿ ಅವನು ಏಡನ್‌ಗೆ ಹಿಂದಿರುಗಿದನು. ಅವನ ಕಾಗದಪತ್ರಗಳು ಹಳೆಯ ಕೈರೋದ ಬೆನ್ ಎಜ್ರಾ ಸಭಾಮಂದಿರದ ಉಗ್ರಾಣದಲ್ಲಿ ಉಳಿದುಬಂದುದರಿಂದ, ಮೆಣಸು, ಕಬ್ಬಿಣ, ಹಿತ್ತಾಳೆಪಾತ್ರೆಗಳ ಲೆಕ್ಕಾಚಾರವೂ, ಏಡನ್‌ನಿಂದ ಗೆಳೆಯರು ಅವನಿಗೆ ಕಾಗದವನ್ನು ಕಳುಹಿಸಿಕೊಡುತ್ತಿದ್ದ ಸಂಗತಿಯೂ ನಮಗೆ ತಿಳಿದಿವೆ. ಅವನು ಬರಿಯ ವರ್ತಕನಾಗಿರದೆ, ಹೀಬ್ರೂ ಪದ್ಯಗಳನ್ನೂ ಧರ್ಮಶಾಸ್ತ್ರದ ವಿಷಯಗಳನ್ನೂ ಬರೆದಿಟ್ಟ ವಿದ್ಯಾವಂತನಾಗಿದ್ದನು. ಕಾರೋ ಅವರ ಸಂಹಿತೆ ಅವನಿಗೆ ನಾಲ್ಕು ಶತಮಾನ ಈಚಿನದಾದರೂ ಬೆಳಗಿನ ಸ್ತುತಿವಚನಗಳ ವಿಧಿ ತಾಲ್ಮುಡ್‌ನಷ್ಟು ಹಳೆಯದಾದುದರಿಂದ, ಮೆಣಸಿನ ಮೂಟೆಗಳ ನಡುವೆ ಶಾಸ್ತ್ರಚಿಂತನೆಯನ್ನು ಬಿಡದಿದ್ದ ಆ ಮಂಗಳೂರಿನ ನಿವಾಸಿಗೂ ಅದು ಅನ್ವಯಿಸುತ್ತಿತ್ತು. ಅಂಥವರನ್ನು ಕಣ್ಣಮುಂದಿಟ್ಟುಕೊಂಡಾಗಲೇ, ವ್ಯಾಪಾರ ವಿಘ್ನವಲ್ಲವೆಂಬ ವ್ಯಾಖ್ಯಾನಕಾರರ ಮಾತು ಎಷ್ಟು ವ್ಯಾವಹಾರಿಕವಾದುದೆಂದು ತಿಳಿಯುವುದು.

ವ್ಯಾಪಾರ ವಿಘ್ನವಲ್ಲ, ರಾತ್ರಿಯ ನಿದ್ರೆ ವಿಘ್ನ. ಹಾಗಾದರೆ ರಾತ್ರಿಯೆಲ್ಲ ಮಲಗದವನ ಗತಿಯೇನು? ತೋರಾ ಪ್ರದಾನವಾದ ದಿನವೆಂದು ಆಚರಿಸುವ ಶಾವೂಓತ್ ಹಬ್ಬದ ರಾತ್ರಿ, ನಿದ್ರೆಗೆಟ್ಟು ಬೆಳಗಾಗುವವರೆಗೂ ಓದುವ ಸಂಪ್ರದಾಯವಿರುವುದರಿಂದ ಈ ಪ್ರಶ್ನೆ ವರ್ಷಕ್ಕೊಮ್ಮೆಯಾದರೂ ಏಳುತ್ತದೆ. ಬೆಳಗು ಹರಿದದ್ದೇ ಹೊಸ ದಿನ, ಹೊಸ ವಚನ ಬೇಕೆಂದು ಕೆಲವರು. ಮಲಗದವನಿಗೆ ಹಿಂದಿನ ದಿನವೇ ಮುಂದುವರಿದಂತೆ ಎಂದು ಕೆಲವರು. ಹಿಂದಿನ ಹಗಲು ಮಲಗಿ ಚೆನ್ನಾಗಿ ನಿದ್ರಿಸಿದ್ದವನು ಸಂಶಯವಿಲ್ಲದೆ ಹೇಳಬಹುದೆಂದು ಪೋಜೆನ್ ನಗರದ ಅಕಿವಾ ಏಗರ್ ತೋರಿಸಿಕೊಟ್ಟರು. ಅದೂ ಇಲ್ಲದವರು, ರಾತ್ರಿ ಮನೆಯಲ್ಲಿ ಹಾಯಾಗಿ ಮಲಗಿ ಎದ್ದು ಬಂದ ಒಬ್ಬನನ್ನು ಹುಡುಕಿ, ಅವನು ಹೇಳುವುದನ್ನು ಕೇಳಿ ‘ಆಮೆನ್’ ಎನ್ನುವುದು ವಾಡಿಕೆ. ರಾತ್ರಿಯಿಡೀ ಶಾಸ್ತ್ರದಲ್ಲಿ ಮುಳುಗಿದ್ದ ಮಹನೀಯರೆಲ್ಲ ನಿದ್ದೆ ಮಾಡಿದವನ ಬಾಯನ್ನು ಕಾದು ನಿಲ್ಲುವ ಈ ನೋಟದಲ್ಲಿ ವಿನೋದವೂ ಇದೆ, ಈ ಕಟ್ಟಳೆಯ ಉದ್ದೇಶಕ್ಕೆ ತಕ್ಕ ನ್ಯಾಯವೂ ಇದೆ.

ಶಾಸ್ತ್ರವಿಷಯವನ್ನು ಬರೆಯುವವನು, ಬಾಯಲ್ಲಿ ಓದದಿದ್ದರೂ ವಚನವನ್ನು ಹೇಳಬೇಕು; ಸುಮ್ಮನೆ ಮನಸ್ಸಿನಲ್ಲಿ ಚಿಂತಿಸುವವನಿಗೆ ಬೇಕಿಲ್ಲ ಎಂದು ಕಾರೋ ಅನುಕ್ರಮವಾಗಿ ವಿಧಿಸುತ್ತಾರೆ. ಹದಿನೆಂಟನೆಯ ಶತಮಾನದ ವಿಲ್ನಾ ನಗರದ ಮಹಾಪಂಡಿತ ರಬ್ಬಿ ಎಲಿಯಾಹು ಇದನ್ನು ಒಪ್ಪಲಿಲ್ಲ. ಹಗಲಿರುಳು ಧ್ಯಾನಿಸಬೇಕೆಂದು ಯೆಹೋಶುವನಿಗೆ ಹೇಳಿದ ಮೇಲೆ ಚಿಂತನೆಯೂ ಅಧ್ಯಯನವೇ ಎಂಬುದು ಅವರ ಪಕ್ಷ. ನಾನು ಹೊರಗಿನವನು, ಈ ವ್ಯಾಜ್ಯದಲ್ಲಿ ನನ್ನ ಮತಕ್ಕೆ ಬೆಲೆಯಿಲ್ಲ. ಆದರೂ ಗಟ್ಟಿಯಾಗಿ ಓದುವ ಅಭ್ಯಾಸವೇ ಮಾಯವಾಗಿ, ವಿದ್ಯೆಯೆಲ್ಲ ಕಣ್ಣಿನಿಂದ ತಲೆಗೆ ಸದ್ದಿಲ್ಲದೆ ಇಳಿಯುವ ಈ ಕಾಲದಲ್ಲಿ ವಿಲ್ನಾದ ಪಂಡಿತರ ಪಕ್ಷವೇ ಹೆಚ್ಚು ಬಲವಾದುದೆಂದು ನನಗೆ ತೋರುತ್ತದೆ. ಮೌನವಾಗಿ ಕಲಿತವನ ಗರ್ವವೇನೂ ಗಟ್ಟಿಯಾಗಿ ಕಲಿತವನ ಗರ್ವಕ್ಕಿಂತ ಕಡಿಮೆಯದಲ್ಲ.

ಎಲ್ಲ ಜನಾಂಗಗಳೊಳಗಿಂದ ನಮ್ಮನ್ನು ಆರಿಸಿದನೆಂಬ ಹಮ್ನೂನಾರ ಮಾತು ಇಂದಿನ ಕಿವಿಗೆ ಒರಟಾಗಿ ಕೇಳುತ್ತದೆಂಬ ಆಕ್ಷೇಪಣೆಯನ್ನು ಮರೆಮಾಚಿ ಪ್ರಯೋಜನವಿಲ್ಲ. ಗರ್ವವನ್ನು ಮುರಿಯಬೇಕಾದ ವಚನದೊಳಗೆಯೇ ಕುಲಗರ್ವ ಅಡಗಿದೆಯಲ್ಲ ಎಂದು ಕೇಳುವವರಿದ್ದಾರೆ, ಮತ್ತು ಯೆಹೂದ್ಯರೊಳಗಿನವರೇ ಅದನ್ನು ಕೇಳಿದ್ದಾರೆ. ಅಮೆರಿಕದ ಮೊರ್ಡೆಕಾಯ್ ಕಾಪ್ಲನ್, ತಮ್ಮ ಬಳಗವು 1945ರಲ್ಲಿ ಹೊರತಂದ ಸಬ್ಬತ್ ಪ್ರಾರ್ಥನಾಪುಸ್ತಕದಲ್ಲಿ ಆ ಭಾಗವನ್ನು ಕಿತ್ತು, ತನ್ನ ಸೇವೆಗೆ ನಮ್ಮನ್ನು ಹತ್ತಿರ ತಂದವನು ಎಂಬರ್ಥದ ಮಾತನ್ನು ಇರಿಸಿದರು. ಅದೇ ವರ್ಷದ ಜೂನ್ ತಿಂಗಳಲ್ಲಿ ನ್ಯೂಯಾರ್ಕಿನ ಮ್ಯಾಕಾಲ್ಪಿನ್ ಹೋಟೆಲಿನಲ್ಲಿ ಸಂಪ್ರದಾಯನಿಷ್ಠ ರಬ್ಬಿಗಳ ಒಕ್ಕೂಟವು ಸಭೆ ಸೇರಿ ಕಾಪ್ಲನ್‌ರಿಗೆ ಬಹಿಷ್ಕಾರ ಹಾಕಿತು. ಆ ಸಭೆಯಲ್ಲಿ ಪುಸ್ತಕದ ಪ್ರತಿಯೊಂದನ್ನು ಸುಟ್ಟದ್ದೂ ನಡೆಯಿತು. ಯೂರೋಪಿನಲ್ಲಿ ಯುದ್ಧ ಮುಗಿದು ಎರಡು ತಿಂಗಳೂ ಆಗಿರಲಿಲ್ಲ. ಯೆಹೂದ್ಯರ ಪುಸ್ತಕಗಳನ್ನು ಬೀದಿಯಲ್ಲಿ ಸುಟ್ಟವರ ಬೂದಿ ಇನ್ನೂ ಆರಿರಲಿಲ್ಲ. ಆ ಕೃತ್ಯವನ್ನು ಸಮರ್ಥಿಸಲು ನನಗೆ ಮಾತು ಸಿಕ್ಕುವುದಿಲ್ಲ. ಕಾಪ್ಲನ್‌ರ ಪ್ರಾಮಾಣಿಕತೆಯನ್ನೂ ನಾನು ಶಂಕಿಸೆನು. ಆದರೂ ಅವರ ತಿದ್ದುಪಡಿ ಅನಾವಶ್ಯಕವೆಂದೇ ನನ್ನ ಭಾವನೆ. ತಮ್ಮ ದೇಶ ಹಾಳಾದದ್ದು ತಮ್ಮ ವಿದ್ವಾಂಸರ ಅಂತರಂಗದ ದೋಷದಿಂದ ಎಂದು ತಮ್ಮ ಶಾಸ್ತ್ರದಲ್ಲಿಯೇ ಬರೆದಿಟ್ಟುಕೊಂಡ ಜನ, ಆಯ್ಕೆಯ ಮಾತನ್ನು ಹೇಳುವಾಗ ಅದರೊಂದಿಗೆ ಆ ಶಿಕ್ಷೆಯ ನೆನಪನ್ನೂ ಹೊರುತ್ತಾರೆ; ಆ ನೆನಪನ್ನು ಬಿಟ್ಟು ಹೇಳಿದಾಗ ಅದು ಜಂಭವಾಗುವುದು ನಿಜ. ಅದು ಹೇಳುವವನ ಮನೋಧರ್ಮದ ದೋಷ, ವಾಕ್ಯವನ್ನು ತಿದ್ದಿದ ಮಾತ್ರಕ್ಕೆ ಮನೋಧರ್ಮ ತಿದ್ದುವುದಿಲ್ಲ.

ಇದಕ್ಕಿಂತ ಗುರುತರವಾದ ಆಕ್ಷೇಪಣೆ ಬೇರೊಂದಿದೆ, ಮತ್ತು ಅದಕ್ಕೆ ಕಾರಣವು ಕಾರೋ ಅವರ ಪ್ರಕರಣದ ಹದಿನಾಲ್ಕನೆಯ, ಕಟ್ಟಕಡೆಯ ವಿಧಿಯಲ್ಲಿದೆ. ಸ್ತ್ರೀಯರೂ ಈ ಸ್ತುತಿವಚನಗಳನ್ನು ಹೇಳತಕ್ಕದ್ದು ಎಂಬಷ್ಟನ್ನು ಅದು ಹೇಳಿ ನಿಲ್ಲುತ್ತದೆ. ಸ್ತ್ರೀಯರಿಗೆ ಅಧ್ಯಯನದ ವಿಧಿಯಿಲ್ಲವೆಂದು ಶಾಸ್ತ್ರಕಾರರು ಒಪ್ಪಿಕೊಂಡಿದ್ದರು. ಮಿಷ್ನಾದ ‘ಸೋತಾ’ ಭಾಗದಲ್ಲಿ, ಮಗಳಿಗೆ ತೋರಾವನ್ನು ಕಲಿಸಬೇಕೆಂದು ಬೆನ್ ಅಜ್ಜಾಯ್ ಹೇಳಿದ್ದರೂ, ಕಲಿಸುವುದು ಕೆಡಿಸಿದಂತೆ ಎಂಬ ರಬ್ಬಿ ಎಲಿಯೇಜರ್‌ರ ಮಾತೇ ಬಹುಕಾಲ ನಡೆಯಿತು. ಕಲಿಯಬೇಕಾಗಿಲ್ಲದವರು ಕಲಿಕೆಗಾಗಿ ಸ್ತುತಿಸುವುದು ಹೇಗೆ? ತಮಗೆ ಸಂಬಂಧಿಸಿದ ವಿಧಿನಿಷೇಧಗಳನ್ನಾದರೂ ಅವರು ಕಲಿಯಲೇಬೇಕಲ್ಲ ಎಂದು ಕೆಲವರು ಸಮಾಧಾನ ಹೇಳಿದರು. ಅದು ದುರ್ಬಲವಾದ ಸಮಾಧಾನ. ಬ್ರಿಸ್ಕ್ ನಗರದ ಹಾಯಿಮ್ ಸೊಲೊವೇಚಿಕ್ ಕೊಟ್ಟ ಉತ್ತರವನ್ನು ಅವರ ಮಗ ಯಿತ್ಸಾಕ್ ಜೇವ್ ದಾಖಲಿಸಿದ್ದಾರೆ: ಈ ಸ್ತುತಿ ಕರ್ತವ್ಯದ ಮೇಲಿನದಲ್ಲ, ತೋರಾ ಎಂಬ ವಸ್ತುವಿನ ಮೇಲಿನದು, ಕಲಿಯುವ ಕರ್ತವ್ಯ ಇರಲಿ, ಇಲ್ಲದಿರಲಿ, ಆ ವಸ್ತು ಎಲ್ಲರಿಗೂ ಒಂದೇ. ನಾನು ಓದಿದ ಸಮಾಧಾನಗಳಲ್ಲಿ ಇದಕ್ಕೆ ಸಮನಾದುದಿಲ್ಲ. ಕರ್ತವ್ಯವು ಒಬ್ಬನಿಗುಂಟು, ಇನ್ನೊಬ್ಬನಿಗಿಲ್ಲ ಎಂದು ಹಂಚಬಹುದು. ಕೊಡುಗೆಯನ್ನು ಹಾಗೆ ಹಂಚಲು ಬರುವುದಿಲ್ಲ.

ಆದರೆ ಕೊಡುಗೆಯಲ್ಲಿ ಪಾಲಿದೆಯೆಂದು ಬೆಳಬೆಳಗ್ಗೆ ಬಾಯಿಂದ ಹೇಳಿಸಿ, ಗ್ರಂಥವನ್ನು ಮಾತ್ರ ಕೈಗೆ ಕೊಡದಿದ್ದದ್ದು, ವಿದ್ವಾಂಸರ ದರ್ಪವನ್ನು ಇಷ್ಟು ಸೂಕ್ಷ್ಮವಾಗಿ ಗುರುತಿಸಿದ ಪರಂಪರೆಯ ಕಣ್ಣಿಗೆ ಬೀಳದೆ ಹೋದ ದರ್ಪ. ಅದಕ್ಕೆ ಪರಿಹಾರ ಹೊಳೆದದ್ದು ಪಂಡಿತಸಭೆಗಲ್ಲ, ಕ್ರಾಕೋ ನಗರದಲ್ಲಿ ಬಟ್ಟೆ ಹೊಲಿದು ಜೀವನ ಮಾಡುತ್ತಿದ್ದ ಸಾರಾ ಶ್ನೀರರ್ ಎಂಬಾಕೆಗೆ. ಆಕೆ 1917ರಲ್ಲಿ ಹೆಣ್ಣುಮಕ್ಕಳಿಗಾಗಿ ತೆರೆದ ಪಾಠಶಾಲೆಯಿಂದ ಬೇಯಿಸ್ ಯಾಕೋವ್ ಶಾಲೆಗಳ ಪರಂಪರೆ ಬೆಳೆಯಿತು, ರಾಡಿನ್ನಿನ ವೃದ್ಧ ರಬ್ಬಿ ಕಗಾನ್ ಅದಕ್ಕೆ ಬೆಂಬಲವಿತ್ತರು. ಅಲ್ಲಿಯೂ ತಾಲ್ಮುಡ್ ಪಾಠಕ್ಕೆ ಪ್ರವೇಶವಿರಲಿಲ್ಲ. ದಿನಕ್ಕೊಂದು ಹಾಳೆಯಂತೆ ಏಳೂವರೆ ವರ್ಷಗಳಲ್ಲಿ ತಾಲ್ಮುಡ್‌ನ 2,711 ಹಾಳೆಗಳನ್ನೂ ಓದಿ ಮುಗಿಸಿದ ಸ್ತ್ರೀಯರಿಗಾಗಿ ಯೆರೂಸಲೇಮಿನಲ್ಲಿ ದೊಡ್ಡ ಸಮಾರೋಪ ಸಭೆ ನಡೆದದ್ದು 2020ರ ಜನವರಿಯಲ್ಲಿ. ಅವರಿಗೆ ಸ್ತುತಿವಚನವನ್ನು ವಿಧಿಸಿದ ಸಂಹಿತೆ ಅಚ್ಚಾಗಿ ಅಷ್ಟು ಹೊತ್ತಿಗೆ ನಾನೂರ ಐವತ್ತು ವರ್ಷಗಳು ಮೀರಿದ್ದವು.